ಮಳೆಗೆ ಮುಂಚೆ ಬಿಡಿಸಬೇಕಾದ ಚರಂಡಿ: ಸಿಟ್ಟನ್ನೂ ಮನಸ್ಸಿನ ಇತರ ಬೇಗುದಿಗಳನ್ನೂ ನಿಭಾಯಿಸುವ ಬಗೆ

ಕೊಡಗಿನಲ್ಲಿ ತೋಟವಿರುವವರು ಮೇ ತಿಂಗಳು ಮುಗಿಯುವುದರೊಳಗೆ ಚರಂಡಿಗಳಲ್ಲಿ ತುಂಬಿಕೊಂಡ ತರಗೆಲೆಯನ್ನು ಎತ್ತಿ, ಕುಸಿದ ಮಣ್ಣನ್ನು ಬಗೆದು, ನೀರು ಹರಿಯುವ ದಾರಿಯನ್ನು ಬಿಡಿಸಿಡುತ್ತಾರೆ. ಜೂನ್ ತಿಂಗಳಲ್ಲಿ ಮಳೆ ಹಿಡಿದುಕೊಂಡ ಮೇಲೆ ಗುದ್ದಲಿ ಹುಡುಕಲು ಹೊರಟವನನ್ನು ನೋಡಿ ಊರಿನವರು ನಗುತ್ತಾರೆ, ಏಕೆಂದರೆ ಆ ಹೊತ್ತಿಗೆ ನೀರು ತನಗೆ ಬೇಕಾದ ದಾರಿಯನ್ನು ತಾನೇ ಮಾಡಿಕೊಂಡಿರುತ್ತದೆ. ಸಿಟ್ಟಿನ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಹೆಚ್ಚಿನವರು ಆ ಜೂನ್ ತಿಂಗಳ ಮನುಷ್ಯನಂತೆಯೇ ನಡೆದುಕೊಳ್ಳುತ್ತೇವೆ. ಸಿಟ್ಟು ಬಂದಾಗ ಏನು ಮಾಡಬೇಕು ಎಂದು ಕೇಳುತ್ತೇವೆಯೇ ಹೊರತು, ಬರುವ ಮುಂಚೆ ಏನು ಮಾಡಬೇಕಿತ್ತು, ಬಂದು ಹೋದ ಮೇಲೆ ಏನು ಮಾಡಬೇಕು ಎಂದು ಕೇಳುವುದು ಕಡಿಮೆ. ಕೆಲಸದ ಹೆಚ್ಚಿನ ಪಾಲು ಇರುವುದು ಆ ಮುಂಚೆಯಲ್ಲಿ ಮತ್ತು ಆಮೇಲೆಯಲ್ಲಿ ಎಂಬುದು ನನ್ನ ಅನುಭವ. ನಡುವಿನ ಕೆಲವು ನಿಮಿಷಗಳಲ್ಲಿ ನಮ್ಮ ಕೈಯಲ್ಲಿರುವುದು ಬಹಳ ಸ್ವಲ್ಪ.

ನಾನು ವೈದ್ಯನಲ್ಲ. ಸೋಮವಾರಪೇಟೆಯ ಕಡೆ ಐದು ಎಕರೆ ಕಾಫಿ ತೋಟ ನೋಡಿಕೊಂಡಿರುವವನು. ಒಂದು ತಪ್ಪು ಮಾಡಿದ ಮೇಲೆ ಈ ವಿಷಯವನ್ನು ಓದಲು ಆರಂಭಿಸಿದವನು. ಆ ತಪ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನ ಮಾತುಗಳಿಗೆಲ್ಲ ಅದೇ ಉದಾಹರಣೆಯಾಗುತ್ತದೆ.

ಕೆಲವು ವರ್ಷಗಳ ಹಿಂದೆ, ಜನವರಿಯ ಒಂದು ಸಂಜೆ, ಕಣದಲ್ಲಿ ಆರು ಬಿಸಿಲು ಕಂಡ ಕಾಫಿ ಹರಡಿತ್ತು. ನಾಲ್ಕೂವರೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಮೋಡ ಕವಿದು ಹನಿ ಬಿತ್ತು. ಎಲ್ಲರೂ ಓಡಿ ಬಂದು ಕಾಫಿಯನ್ನು ರಾಶಿಗೆ ಎಳೆದು ಟಾರ್ಪಾಲು ಹೊದಿಸಿದರು. ನಮ್ಮಲ್ಲಿ ಇಪ್ಪತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದ, ನಾನು ಅಕ್ಕ ಎಂದೇ ಕರೆಯುವ ಒಬ್ಬರು ಟಾರ್ಪಾಲಿನ ಒಂದು ಮೂಲೆಗೆ ಕಲ್ಲಿಡಲು ಮರೆತರು. ಗಾಳಿಗೆ ಆ ಮೂಲೆ ಎದ್ದು ಮಡಚಿಕೊಂಡಿತು. ನಾವು ನೋಡುವಷ್ಟರಲ್ಲಿ ರಾಶಿಯ ಒಂದು ಪಕ್ಕ ನೆನೆದು ಕಪ್ಪಾಗಿತ್ತು. ಹತ್ತು ಜನರ ಎದುರಿಗೆ ನಾನು ಅವರನ್ನು ಬೈದೆ, ಅದೂ ಅಷ್ಟು ವರ್ಷ ಬಹುವಚನದಲ್ಲಿ ಮಾತಾಡಿಸಿದವರನ್ನು ಏಕವಚನದಲ್ಲಿ. ಅವರು ಒಂದು ಮಾತೂ ಆಡಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡರು, ಪಕ್ಕದಲ್ಲಿದ್ದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಆ ಮೂಲೆಯ ಮೇಲೆ ಮೆಲ್ಲಗೆ ಇಟ್ಟರು, ತೋಟದ ಕೆಲಸದವರು ವಾಸಿಸುವ ಲೈನ್‌ಮನೆಯತ್ತ ನಡೆದುಹೋದರು. ಮರುದಿನ ಕೆಲಸಕ್ಕೆ ಬರಲಿಲ್ಲ.

ಸಿಟ್ಟಿನ ಪಂಚಾಂಗ

ಆ ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದಾಗ ಕಂಡದ್ದು ಇಷ್ಟು. ಹಿಂದಿನ ಮೂರು ರಾತ್ರಿ ತೋಟಕ್ಕೆ ಆನೆ ಇಳಿದು, ಪಟಾಕಿ ಹಿಡಿದು ಕಾಯುವುದರಲ್ಲೇ ಕಳೆದಿತ್ತು. ಅಂದು ಬೆಳಿಗ್ಗೆ ಸಾಲದ ಕಂತಿನ ವಿಷಯವಾಗಿ ದೂರವಾಣಿ ಕರೆ ಬಂದಿತ್ತು. ಮಧ್ಯಾಹ್ನ ಊಟ ಮಾಡಿರಲಿಲ್ಲ, ಮೂರು ಲೋಟ ಕಾಫಿ ಮಾತ್ರ ಕುಡಿದಿದ್ದೆ. ಅಂದರೆ ಆ ಕಲ್ಲು ಮರೆತದ್ದು ಕಾರಣಗಳ ಸಾಲಿನಲ್ಲಿ ಕೊನೆಯದು ಮತ್ತು ಬಹುಶಃ ಅತ್ಯಂತ ಸಣ್ಣದು. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಳ್ಳುವುದು ಎಂದು ಹಿರಿಯರು ಹೇಳುವುದು ಇದನ್ನೇ. ಗಮನಿಸಬೇಕಾದ ಸಂಗತಿಯೆಂದರೆ, ಕೊತ್ತಿ ಯಾವಾಗಲೂ ನಮಗಿಂತ ಕೆಳಗಿನ ಮೆಟ್ಟಿಲಲ್ಲಿ ಇರುವವರೇ ಆಗಿರುತ್ತಾರೆ. ಕರೆ ಮಾಡಿದವರ ಮೇಲೆ ನಾನು ಕೂಗಲಿಲ್ಲ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಬರೆದಿಡುವುದು. ಕೂಲಿ ಲೆಕ್ಕದ ಪುಸ್ತಕದ ಹಿಂಬದಿಯ ಹಾಳೆಗಳೇ ಸಾಕು. ರೇಗಿದ ಪ್ರತಿ ಸಲವೂ, ಅದು ಎಷ್ಟೇ ಸಣ್ಣದಾಗಿರಲಿ, ಅಂದೇ ರಾತ್ರಿ ಮಲಗುವ ಮುಂಚೆ ಕೆಲವು ಸಂಗತಿಗಳನ್ನು ಗುರುತು ಮಾಡಬೇಕು: ಗಂಟೆ ಎಷ್ಟಾಗಿತ್ತು, ಎದುರಿಗೆ ಯಾರಿದ್ದರು, ಅದಕ್ಕೆ ಮುಂಚೆ ಊಟ ಮಾಡಿದ್ದು ಯಾವಾಗ, ಹಿಂದಿನ ರಾತ್ರಿ ಎಷ್ಟು ಹೊತ್ತು ನಿದ್ದೆ ಬಂದಿತ್ತು, ದೇಹದಲ್ಲಿ ಮೊದಲು ಏನಾಯಿತು, ಬಾಯಿಂದ ಏನು ಬಂತು. ಯಾರದು ಸರಿ, ಯಾರದು ತಪ್ಪು ಎಂದು ಅಲ್ಲಿ ಬರೆಯಬಾರದು. ಬರೆಯತೊಡಗಿದರೆ ಹಾಳೆ ತುಂಬುತ್ತದೆ, ಸಿಟ್ಟೂ ಮತ್ತೆ ಏರುತ್ತದೆ. ನನ್ನ ಪುಸ್ತಕದ ಒಂದು ನಮೂದು ಹೀಗಿದೆ: “ಮಂಗಳವಾರ, ಸಂಜೆ 5.10. ಮಗಳು. ಟಾರ್ಚು ಚಾರ್ಜಿಗೆ ಹಾಕಿರಲಿಲ್ಲ. ಊಟ 12ಕ್ಕೆ. ನಿದ್ದೆ 4 ಗಂಟೆ. ಕಿವಿ ಬಿಸಿ. ನಿನಗೆ ಹೇಳಿ ಪ್ರಯೋಜನವಿಲ್ಲ ಎಂದೆ.”

ಇಂತಹ ಇಪ್ಪತ್ತು ನಮೂದುಗಳಾದ ಮೇಲೆ ಸಿಟ್ಟಿಗೆ ಒಂದು ಪಂಚಾಂಗವಿರುವುದು ಕಾಣುತ್ತದೆ. ನನ್ನ ಸಿಟ್ಟು ಬಹುಪಾಲು ಸಂಜೆ ನಾಲ್ಕರಿಂದ ಆರರ ನಡುವೆ, ಊಟ ತಪ್ಪಿದ ದಿನಗಳಲ್ಲಿ ಬರುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ವರ್ಷದ ಪಂಚಾಂಗವೂ ಒಂದಿದೆ. ಕುಯ್ಲಿನ ಕಾಲದಲ್ಲಿ ಆಳುಗಳು ಸಿಗದ ಸಂಕಟ, ಫೆಬ್ರವರಿ ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುವ ತಳಮಳ, ಜುಲೈ ಆಗಸ್ಟ್‌ನ ಕಕ್ಕಡ ಮಾಸದ ಮಳೆಯಲ್ಲಿ ಕರೆಂಟೂ ಇಲ್ಲದೆ ನೆಟ್‌ವರ್ಕೂ ಇಲ್ಲದೆ ಒಂದೇ ಮನೆಯೊಳಗೆ ವಾರಗಟ್ಟಲೆ ಕುಳಿತವರ ನಡುವೆ ಹುಟ್ಟುವ ಕಿರಿಕಿರಿ, ರಜೆಯ ದಿನಗಳಲ್ಲಿ ಪ್ರವಾಸಿಗರ ಕಾರುಗಳ ಸಾಲಿನಲ್ಲಿ ಸಿಕ್ಕಿಬಿದ್ದು ಮಡಿಕೇರಿ ತಲುಪಲಾಗದ ಉರಿ. ಇವು ಬರುತ್ತವೆ ಎಂಬುದು ನಮಗೆ ಮೊದಲೇ ಗೊತ್ತಿದೆ. ಗೊತ್ತಿದ್ದದ್ದಕ್ಕೆ ವ್ಯವಸ್ಥೆ ಮಾಡಿಕೊಳ್ಳಬಹುದು.

ವ್ಯವಸ್ಥೆ ಎಂದರೆ ದೊಡ್ಡ ಸಂಕಲ್ಪಗಳಲ್ಲ. ಇನ್ನು ಮೇಲೆ ಸಿಟ್ಟು ಮಾಡುವುದಿಲ್ಲ ಎಂದು ಹೊಸ ವರ್ಷದ ದಿನ ನಿರ್ಧರಿಸಿದವರನ್ನು ನಾನು ಬಹಳ ನೋಡಿದ್ದೇನೆ. ಅದಕ್ಕಿಂತ, ಎರಡು ಗಂಟೆಯೊಳಗೆ ಊಟ ಮಾಡುತ್ತೇನೆ, ದುಡ್ಡಿನ ಮಾತನ್ನು ಬೆಳಿಗ್ಗೆಯೇ ಮುಗಿಸುತ್ತೇನೆ, ಆನೆ ಕಾಯ್ದ ರಾತ್ರಿಯ ಮರುದಿನ ಕೂಲಿ ಬಟವಾಡೆ ಇಟ್ಟುಕೊಳ್ಳುವುದಿಲ್ಲ ಎಂಬಂತಹ ಸಣ್ಣ ನಿಯಮಗಳು ಕೆಲಸ ಮಾಡುತ್ತವೆ. ಸಿಟ್ಟಿಗೆ ಕಾರಣವಾಗುವ ವಸ್ತುವನ್ನೇ ಬದಲಾಯಿಸುವುದು ಇನ್ನೂ ಸುಲಭ. ನಮ್ಮ ಟಾರ್ಪಾಲಿನ ನಾಲ್ಕು ಮೂಲೆಗೂ ಈಗ ಹಗ್ಗವಿದೆ, ಕಣದ ಅಂಚಿನಲ್ಲಿ ನಾಲ್ಕು ಗೂಟಗಳಿವೆ. ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ನೂರೈವತ್ತು ರೂಪಾಯಿಯೊಳಗೆ ಮುಗಿಯುತ್ತಿದ್ದ ಆ ಕೆಲಸವನ್ನು ಅಷ್ಟು ವರ್ಷ ಮಾಡದೇ ಇದ್ದವನು ನಾನೇ.

ಆ ಕೆಲವು ನಿಮಿಷಗಳು

ಸಿಟ್ಟು ಮೊದಲು ತಿಳಿಯುವುದು ದೇಹಕ್ಕೆ. ಮಿದುಳಿನ ಒಳಭಾಗದಲ್ಲಿರುವ ಅಮಿಗ್ಡಲಾ ಎಂಬ ಪುಟ್ಟ ಭಾಗ ಅಪಾಯವನ್ನು ಗ್ರಹಿಸಿದೊಡನೆ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಹೃದಯ ಬಡಿತ ಏರುತ್ತದೆ, ದವಡೆ ಬಿಗಿಯುತ್ತದೆ, ಕೈ ಮುಷ್ಟಿಯಾಗುತ್ತದೆ. ಯೋಚಿಸಿ ತೂಗಿ ನೋಡುವ ಹಣೆಯ ಹಿಂದಿನ ಭಾಗದ ಮಾತು ಆ ಹೊತ್ತಿನಲ್ಲಿ ನಡೆಯುವುದು ಕಡಿಮೆ. ಆದ್ದರಿಂದಲೇ ಉರಿಯುತ್ತಿರುವವನಿಗೆ ಬುದ್ಧಿ ಹೇಳಿ ಫಲವಿಲ್ಲ, ಆತ ತನಗೆ ತಾನೇ ಹೇಳಿಕೊಂಡರೂ ಫಲವಿಲ್ಲ. ಮೊದಲು ದೇಹ ಇಳಿಯಬೇಕು. ಪ್ರತಿಯೊಬ್ಬರಿಗೂ ತಮ್ಮದೇ ಆದ ಮೊದಲ ಗುರುತು ಇರುತ್ತದೆ. ನನಗೆ ಕಿವಿ ಬಿಸಿಯಾಗುತ್ತದೆ. ನನ್ನ ಹೆಂಡತಿಗೆ ಧ್ವನಿ ಸಣ್ಣಗಾಗುತ್ತದೆ, ಅದು ನನ್ನ ಕಿವಿಗಿಂತ ಅಪಾಯದ ಗುರುತು. ಪುಸ್ತಕದಲ್ಲಿ ಬರೆಯುತ್ತಾ ಹೋದರೆ ಆ ಗುರುತು ಸಿಗುತ್ತದೆ, ಸಿಕ್ಕರೆ ಮೂರು ನಾಲ್ಕು ಸೆಕೆಂಡಿನ ಬಿಡುವು ಸಿಗುತ್ತದೆ.

ಆ ಬಿಡುವಿನಲ್ಲಿ ಮಾಡಬೇಕಾದ ಮೊದಲ ಕೆಲಸ ಬಾಯಿ ಮುಚ್ಚಿ ಉಸಿರು ಬಿಡುವುದು. ಮನಸ್ಸಿನಲ್ಲಿ ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರೆಳೆದುಕೊಂಡು, ಆರು ಎಣಿಸುವವರೆಗೆ ನಿಧಾನವಾಗಿ ಹೊರಬಿಡಬೇಕು. ಹೀಗೆ ಹತ್ತು ಸಲ ಮಾಡಿದರೆ ಒಂದೂಮುಕ್ಕಾಲು ನಿಮಿಷದಷ್ಟು ಆಗುತ್ತದೆ. ಉಸಿರು ಒಳಗೆ ಹೋಗುವಾಗ ಹೃದಯ ಸ್ವಲ್ಪ ಬೇಗ ಬಡಿಯುತ್ತದೆ, ಹೊರಗೆ ಹೋಗುವಾಗ ವೇಗಸ್ ನರದ ಪ್ರಭಾವದಿಂದ ಸ್ವಲ್ಪ ನಿಧಾನವಾಗುತ್ತದೆ. ಹೊರಗೆ ಬಿಡುವುದನ್ನು ಉದ್ದ ಮಾಡುವುದರ ಹಿಂದಿನ ಕಾರಣ ಇದು. ಇದನ್ನು ಸಿಟ್ಟು ಬಂದ ದಿನ ಕಲಿಯಲು ಹೋಗಬಾರದು. ಬೆಳಿಗ್ಗೆ ಒಲೆಯ ಮೇಲೆ ನೀರು ಕಾಯುವಷ್ಟು ಹೊತ್ತು ದಿನವೂ ಮಾಡಿ ರೂಢಿಯಾಗಿದ್ದರೆ ಮಾತ್ರ ಬೇಕಾದಾಗ ಕೈಗೆ ಬರುತ್ತದೆ.

ಉಸಿರಿನಿಂದ ಇಳಿಯದಿದ್ದರೆ ಆ ಜಾಗ ಬಿಡಬೇಕು. ಬಿಡುವುದಕ್ಕೂ ಒಂದು ರೀತಿಯಿದೆ. ಬಾಗಿಲು ಬಡಿದು ಹೋಗುವುದು ಜಗಳದ ಮುಂದುವರಿಕೆಯೇ. “ನನಗೆ ಈಗ ಸರಿಯಾಗಿ ಮಾತಾಡಲು ಆಗುತ್ತಿಲ್ಲ, ಅರ್ಧ ಗಂಟೆ ಬಿಟ್ಟು ಬರುತ್ತೇನೆ, ಆಗ ಮಾತಾಡೋಣ” ಎಂದು ಹೇಳಿ ಹೋಗಬೇಕು, ಹೇಳಿದ ಹೊತ್ತಿಗೆ ತಪ್ಪದೆ ಬರಬೇಕು. ಬಾರದಿದ್ದರೆ ಎದುರಿನವರು ಮುಂದಿನ ಸಲ ಹೋಗಲು ಬಿಡುವುದಿಲ್ಲ. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್, ಎದೆಬಡಿತ ನಿಮಿಷಕ್ಕೆ ನೂರು ದಾಟಿದ ಮೇಲೆ ಮಾತು ಬಿಟ್ಟು ಕನಿಷ್ಠ 20 ನಿಮಿಷ ಬಿಡುವು ತೆಗೆದುಕೊಳ್ಳಬೇಕು ಎನ್ನುತ್ತಾರೆ. ಆ ಇಪ್ಪತ್ತು ನಿಮಿಷ ಅವನು ಹೀಗೆಂದ, ನಾನು ಹಾಗೆನ್ನಬೇಕಿತ್ತು ಎಂದು ಮೆಲುಕು ಹಾಕುತ್ತಿದ್ದರೆ ಬಿಡುವು ತೆಗೆದುಕೊಂಡಂತೆ ಆಗುವುದಿಲ್ಲ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಬಿಡಿಸಬೇಕು. ಸಿಟ್ಟು ಬಂದರೆ ಹೋಗಿ ಸೌದೆ ಒಡೆ, ಕಪಾತಿನ ಕತ್ತಿ ಹಿಡಿ, ಎಲ್ಲಾ ಇಳಿದುಹೋಗುತ್ತದೆ ಎಂದು ನಮ್ಮಲ್ಲಿ ಹೇಳುವುದುಂಟು. ಬ್ರಾಡ್ ಬುಷ್‌ಮನ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವರನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು, ಸುಮ್ಮನೆ ಕುಳಿತವರ ಸಿಟ್ಟಿಗಿಂತ ಹೆಚ್ಚಾಗಿತ್ತು. ಅವರೂ ಸಹೋದ್ಯೋಗಿ ಸೋಫಿ ಕ್ಯಾರ್ವಿಕ್ ಅವರೂ 2024ರಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಜನ ಭಾಗವಹಿಸಿದ್ದ 154 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ನಿಧಾನದ ಉಸಿರಾಟ, ಧ್ಯಾನ, ಸ್ನಾಯುಗಳನ್ನು ಸಡಿಲಿಸುವುದು ಮುಂತಾದ ದೇಹವನ್ನು ತಣಿಸುವ ಕ್ರಮಗಳು ಸಿಟ್ಟನ್ನು ಇಳಿಸಿದವು. ದೇಹವನ್ನು ಕಾಯಿಸುವ ಕ್ರಮಗಳು ಒಟ್ಟಾರೆಯಾಗಿ ಇಳಿಸಲಿಲ್ಲ. ಚೆಂಡಾಟಗಳು ಮಾತ್ರ ಇದಕ್ಕೆ ಸ್ವಲ್ಪ ಹೊರತಾಗಿದ್ದವು ಎಂಬುದನ್ನು ಹಾಕಿ ಹುಚ್ಚಿರುವ ನಮ್ಮ ಜಿಲ್ಲೆಯವರಿಗಾಗಿ ಹೇಳಿಡುತ್ತೇನೆ. ಉಳಿದವರು ಅಕ್ಕಿ ಆರಿಸಬಹುದು, ಕರಿಮೆಣಸಿನ ಕಡ್ಡಿ ಹೆಕ್ಕಬಹುದು, ಮುಖಕ್ಕೆ ತಣ್ಣೀರು ಎರಚಿಕೊಳ್ಳಬಹುದು. ಕತ್ತಿ ಮುಟ್ಟುವುದು ಬೇಡ. ಗಾಡಿಯ ಕೀ ಅಂತೂ ಬೇಡವೇ ಬೇಡ. ಸಂಪಾಜೆ ಘಾಟಿಯ ತಿರುವಿಗೆ ನಮ್ಮ ಮನಸ್ಥಿತಿ ಗೊತ್ತಿರುವುದಿಲ್ಲ.

ಮೊಬೈಲಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ರಾತ್ರಿ ಹತ್ತು ಗಂಟೆಗೆ ಕಳುಹಿಸಿದ ಎರಡು ನಿಮಿಷದ ಧ್ವನಿ ಸಂದೇಶವೊಂದು, ಅಣ್ಣತಮ್ಮಂದಿರ ಮಕ್ಕಳು ಎರಡು ವರ್ಷ ಒಬ್ಬರ ಮದುವೆಗೆ ಇನ್ನೊಬ್ಬರು ಹೋಗದಂತೆ ಮಾಡಿದ್ದನ್ನು ನಾನು ಕಂಡಿದ್ದೇನೆ. ಹೇಳಲೇಬೇಕೆನಿಸಿದ್ದನ್ನು ಕಾಗದದಲ್ಲಿ ಬರೆಯಿರಿ. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಓದಿ ನೋಡಿ, ಆಮೇಲೂ ಕಳುಹಿಸಬೇಕೆನಿಸಿದರೆ ಕಳುಹಿಸಬಹುದು. ನನಗೆ ಹಾಗನಿಸಿದ್ದು ಒಮ್ಮೆಯೋ ಎರಡು ಬಾರಿಯೋ.

ಸಿಟ್ಟಿನ ಅಡಿಯಲ್ಲಿ ಇರುವುದು

ದೇಹ ಇಳಿದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಸಿಟ್ಟೇ ಹೌದೇ? ಸಿಟ್ಟು ಬಹಳ ಸಲ ಬೇರೆ ಭಾವವೊಂದರ ಮೇಲೆ ಹೊದಿಸಿದ ಟಾರ್ಪಾಲಿನಂತೆ ಇರುತ್ತದೆ. ಗಂಡಸರಲ್ಲಿ ಇದು ಹೆಚ್ಚು, ಏಕೆಂದರೆ ಹೆದರಿಕೆಯಾಯಿತು, ಅವಮಾನವಾಯಿತು, ಅಳು ಬಂತು ಎಂದು ಹೇಳಲು ನಮಗೆ ಯಾರೂ ಕಲಿಸಿಲ್ಲ. ಸೈನಿಕರ ನಾಡು ಎಂಬ ಹೆಸರಿರುವ ನಮ್ಮ ಜಿಲ್ಲೆಯಲ್ಲಿ ಹೆದರಿಕೆ ಎಂಬ ಶಬ್ದಕ್ಕೆ ಮನೆಯೊಳಗೆ ಜಾಗ ಇನ್ನೂ ಕಡಿಮೆ. ಕಣದ ಬಳಿ ನನಗಾದದ್ದು ಹೆದರಿಕೆ. ಆ ರಾಶಿ ಬೂಷ್ಟು ಹಿಡಿದರೆ ಕಂತು ಕಟ್ಟುವುದು ಹೇಗೆ ಎಂಬ ಹೆದರಿಕೆ, ಕಟ್ಟದಿದ್ದರೆ ಊರಿನವರು ಏನೆಂದುಕೊಳ್ಳುತ್ತಾರೆ ಎಂಬ ನಾಚಿಕೆ.

ಭಾವಕ್ಕೆ ಸರಿಯಾದ ಹೆಸರಿಡುವುದೇ ಅದನ್ನು ಸ್ವಲ್ಪ ತಗ್ಗಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟಿನ, ಭಯದ ಮುಖಗಳ ಚಿತ್ರ ನೋಡುವಾಗ ಆ ಭಾವದ ಹೆಸರನ್ನು ಆರಿಸಿದವರ ಮಿದುಳಿನಲ್ಲಿ ಅಮಿಗ್ಡಲಾದ ಚಟುವಟಿಕೆ ಕಡಿಮೆಯಾಗಿ, ಹಣೆಯ ಹಿಂದಿನ ಭಾಗದ ಒಂದು ಕಡೆ ಚಟುವಟಿಕೆ ಹೆಚ್ಚಾದದ್ದು ಕಂಡುಬಂತು. ಕನ್ನಡದಲ್ಲಿ ಇದಕ್ಕೆ ಬೇಕಾದಷ್ಟು ಹೆಸರುಗಳಿವೆ, ಅವು ಒಂದಕ್ಕೊಂದು ಬೇರೆ. ಮುನಿಸು ಎಂದರೆ ಹತ್ತಿರದವರ ಮೇಲೆ, ಅವರು ಬಂದು ಕರೆಯಲಿ ಎಂದು ಕಾಯುವುದು. ಹಗೆ ಎಂದರೆ ಅವರು ಬಂದರೂ ಬಾಗಿಲು ತೆರೆಯದಿರುವುದು. ಕಿರಿಕಿರಿ ನಿದ್ದೆ ಮಾಡಿದರೆ ಹೋಗುತ್ತದೆ, ಅವಮಾನ ಹೋಗುವುದಿಲ್ಲ. ಹೊಟ್ಟೆಕಿಚ್ಚು ಪಕ್ಕದ ತೋಟದ ಮೆಣಸಿನ ಬಳ್ಳಿಯನ್ನು ನೋಡಿ ಬರುತ್ತದೆ, ಅದನ್ನು ನಾವು ಆ ಮನೆಯವರ ಅಹಂಕಾರದ ಮೇಲಿನ ಸಿಟ್ಟು ಎಂದು ಕರೆದುಕೊಂಡು ಸಮಾಧಾನಪಡುತ್ತೇವೆ. ದಿಗಿಲು, ತಳಮಳ, ಬೇಸರ, ಜಿಗುಪ್ಸೆ, ಅಸಹನೆ, ಸಂಕಟ: ಪುಸ್ತಕದ ನಮೂದಿನ ಕೊನೆಗೆ ಇವುಗಳಲ್ಲಿ ಒಂದನ್ನು ಬರೆಯಿರಿ, ಮೊದಲು ತೋಚಿದ್ದನ್ನು ಹೊಡೆದುಹಾಕಿ ಇನ್ನೂ ಹತ್ತಿರದ್ದು ಸಿಗುತ್ತದೆಯೇ ನೋಡಿ. ಹೆಸರು ಬದಲಾದರೆ ಮಾಡಬೇಕಾದ ಕೆಲಸವೂ ಬದಲಾಗುತ್ತದೆ. ನನ್ನದು ಸಿಟ್ಟು ಎಂದುಕೊಂಡಿದ್ದರೆ ಆಳನ್ನು ಬದಲಾಯಿಸುತ್ತಿದ್ದೆ. ಸಾಲದ ಭಯ ಎಂದು ತಿಳಿದ ಮೇಲೆ ಬ್ಯಾಂಕಿಗೆ ಹೋಗಿ ಕಂತಿನ ದಿನಾಂಕದ ವಿಷಯ ಮಾತಾಡಿದೆ.

ನ್ಯಾಯವಾದ ಸಿಟ್ಟನ್ನು ಹೇಳುವುದು

ಎಲ್ಲಾ ಸಿಟ್ಟೂ ಇಳಿಸಬೇಕಾದದ್ದಲ್ಲ. ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆಯನ್ನು ನಮ್ಮಲ್ಲಿ ಬುದ್ಧಿವಾದವಾಗಿ ಹೇಳುತ್ತಾರೆ, ಆದರೆ ಅದು ನಿಜವಾಗಿ ಹೇಳುವುದು ಯಾರಿಗೆ ಸಿಟ್ಟು ಮಾಡುವ ಅವಕಾಶವಿದೆ, ಯಾರಿಗೆ ಇಲ್ಲ ಎಂಬುದನ್ನು. ತೂಕದಲ್ಲಿ ಮೋಸವಾದ ಕೂಲಿಯವರ ಸಿಟ್ಟು, ಪಾಲಿನಲ್ಲಿ ಹೆಸರಿಲ್ಲದ ಹೆಣ್ಣುಮಗಳ ಸಿಟ್ಟು ಮನಸ್ಸಿನ ಕಾಯಿಲೆಯಲ್ಲ. ಅದನ್ನು ಉಸಿರಾಟದಿಂದ ತಣಿಸಿ ಮರೆಯುವುದು ಸರಿಯಲ್ಲ; ತಣಿಸಿಕೊಂಡು, ಹೇಳಬೇಕಾದ ಕಡೆ ಹೇಳಬೇಕು.

ಹೇಳುವಾಗ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಇಟ್ಟರೆ ಅನುಕೂಲ: ನಡೆದದ್ದು, ಅದರಿಂದ ನನಗಾದದ್ದು, ಈಗ ಆಗಬೇಕಾದದ್ದು. ನಮ್ಮಲ್ಲಿ ಹೆಚ್ಚಿನ ಹಗೆಗಳು ಜಮೀನಿನ ಸುತ್ತ ಬೆಳೆಯುವುದರಿಂದ ಅಲ್ಲಿಂದಲೇ ಉದಾಹರಣೆ ಕೊಡುತ್ತೇನೆ. ಜಮ್ಮಾ ಭೂಮಿಯಲ್ಲಿ ಕುಟುಂಬದ ಹಲವರ ಹಕ್ಕು ಒಟ್ಟಿಗೆ ಇರುವುದರಿಂದ ಅನುಭವಿಸುವವರು ಒಬ್ಬರು, ಪಹಣಿಯಲ್ಲಿ ಹೆಸರಿರುವವರು ಇನ್ನೊಬ್ಬರು ಆಗಿರುವುದುಂಟು. ತಮ್ಮನಾದವನು, “ನೀನು ಮೊದಲಿನಿಂದಲೂ ಹೀಗೆಯೇ, ಅಪ್ಪ ಇದ್ದಾಗಲೂ ಎಲ್ಲಾ ನಿನಗೇ” ಎಂದು ಆರಂಭಿಸಿದರೆ ಅಣ್ಣನಿಗೆ ಕೇಳುವುದು ಮೂವತ್ತು ವರ್ಷದ ಆರೋಪ ಮಾತ್ರ. “ಅಣ್ಣ, ಹೋದ ವಾರ ಹೊಳೆ ಬದಿಯ ಸಿಲ್ವರ್ ಮರಗಳನ್ನು ಕಡಿಸುವಾಗ ನನಗೆ ತಿಳಿಸಲಿಲ್ಲ. ಬೇರೆಯವರ ಬಾಯಿಂದ ಕೇಳಿ ನನಗೆ ತಲೆ ಎತ್ತಲಾಗಲಿಲ್ಲ. ಮುಂದೆ ಮರ ಕಡಿಸುವ ಮುಂಚೆ ಒಂದು ಮಾತು ಹೇಳಬೇಕು, ಈ ಸಲದ ಲೆಕ್ಕವನ್ನು ಭಾನುವಾರ ಕುಳಿತು ನೋಡೋಣ” ಎಂದರೆ ಅಣ್ಣ ಒಪ್ಪದೇ ಇರಬಹುದು, ಆದರೆ ಉತ್ತರ ಕೊಡಲು ಅವನಿಗೆ ಏನಾದರೂ ಇರುತ್ತದೆ. ಒಂದು ಸಲಕ್ಕೆ ಒಂದೇ ವಿಷಯ. ಮೊದಲಿನಿಂದಲೂ, ಯಾವಾಗಲೂ, ಎಂದಿಗೂ ಎಂಬ ಶಬ್ದಗಳು ಬೇಡ.

ಹೊತ್ತನ್ನೂ ಆರಿಸಿಕೊಳ್ಳಬೇಕು. ಕೊಡಗಿನ ಹಬ್ಬಗಳಾದ ಹುತ್ತರಿಗೆ, ಕೈಲ್‌ಪೋದಿಗೆ ಎಲ್ಲರೂ ಸೇರುತ್ತಾರೆ ಎಂಬ ಕಾರಣಕ್ಕೆ ಪಾಲಿನ ಮಾತನ್ನು ಅಂದೇ ಎತ್ತುವುದು ನಮ್ಮ ಹಳೆಯ ರೂಢಿ, ಕೆಟ್ಟ ರೂಢಿ. ಲೋಟ ತುಂಬಿರುವಾಗ ಜಮೀನಿನ ಮಾತು ಆಡಬಾರದು. ಮದ್ಯ ಸಿಟ್ಟನ್ನು ಹುಟ್ಟಿಸದೇ ಇರಬಹುದು, ಆದರೆ ತಡೆಯುವ ಕೈಯನ್ನು ಸಡಿಲಿಸುತ್ತದೆ. ಬೆಳಗಿನ ಹೊತ್ತು, ತಿಂಡಿಯಾದ ಮೇಲೆ, ಇಬ್ಬರೂ ಒಪ್ಪುವ ಒಬ್ಬ ಹಿರಿಯರ ಅಥವಾ ಊರಿನ ಮುಖ್ಯಸ್ಥರಾದ ತಕ್ಕರ ಎದುರಿನಲ್ಲಿ, ಕಾಗದಪತ್ರ ಇಟ್ಟುಕೊಂಡು ಕುಳಿತರೆ ಧ್ವನಿಗಳು ತಾವಾಗಿಯೇ ತಗ್ಗಿರುತ್ತವೆ.

ತಪ್ಪು ನಡೆದ ಮೇಲೆ

ಮೂರನೆಯ ದಿನ ನಾನು ಲೈನ್‌ಮನೆಗೆ ಹೋದೆ. ಕೂಲಿಯ ಬಾಕಿ ಕೊಡುವ ನೆಪದಲ್ಲಿ ಹೋಗಬೇಕೆಂದುಕೊಂಡವನು, ಅರ್ಧ ದಾರಿಯಲ್ಲಿ ನಿಂತು ದುಡ್ಡನ್ನು ಜೇಬಿನಿಂದ ತೆಗೆದು ತೋಟದ ಲೆಕ್ಕ ಬರೆಯುವ ರೈಟರ ಕೈಗೆ ಕೊಟ್ಟು ಬರಿಗೈಯಲ್ಲಿ ಹೋದೆ. ದುಡ್ಡು ಕೈಯಲ್ಲಿದ್ದರೆ ಕ್ಷಮೆ ಕೇಳುವುದು ಬಟವಾಡೆಯಂತೆ ಕಾಣುತ್ತದೆ ಎನಿಸಿತು. ಅವರು ಹೊರಗೆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. “ಅಕ್ಕ, ಅವತ್ತು ಎಲ್ಲರ ಮುಂದೆ ನಿಮಗೆ ಏಕವಚನದಲ್ಲಿ ಬೈದೆ. ಅದು ನನ್ನ ತಪ್ಪು” ಎಂದೆ. ಅವರು ಬಟ್ಟೆ ಹಿಂಡುತ್ತಲೇ, “ಕಾಫಿ ಹೋದದ್ದಕ್ಕೆ ನನಗೂ ಬೇಜಾರಿದೆ ಸಾಹುಕಾರ್ರೇ. ಆದ್ರೆ ನೀವು ಬೈದಿದ್ದು ಹತ್ತು ಜನರ ಎದುರಿಗೆ, ತಪ್ಪು ಅಂತ ಹೇಳ್ತಿರೋದು ಬಟ್ಟೆ ಒಗೆಯೋ ಕಲ್ಲಿನ ಎದುರಿಗೆ” ಎಂದರು.

ಕ್ಷಮೆ ಕೇಳುವ ಬಗ್ಗೆ ನಾನು ಓದಿದ್ದೆಲ್ಲಾ ಆ ಒಂದು ಮಾತಿನ ಮುಂದೆ ಸಣ್ಣದು. ಎಲ್ಲಿ ಹರಿದಿದೆಯೋ ಅಲ್ಲಿಯೇ ಹೊಲಿಯಬೇಕು. ಮರುದಿನ ಬೆಳಿಗ್ಗೆ ಹಾಜರಿ ತೆಗೆದುಕೊಳ್ಳುವಾಗ ಎಲ್ಲರ ಎದುರಿನಲ್ಲಿ ಅದೇ ಮಾತನ್ನು ಹೇಳಿದೆ. ಗಂಟಲು ಒಣಗಿತ್ತು, ಇಡೀ ಕೆಲಸಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಹೇಳುವಾಗ ಕಾರಣಗಳನ್ನು ಸೇರಿಸಬಾರದು. ನಿದ್ದೆಯಿರಲಿಲ್ಲ, ಸಾಲವಿತ್ತು ಎಂಬುದು ನನಗೆ ಉಪಯೋಗದ ತಿಳಿವಳಿಕೆ, ಅವರ ಪಾಲಿಗೆ ಅದು ನೆಪ. “ನಿಮಗೆ ನೋವಾಗಿದ್ದರೆ ಕ್ಷಮಿಸಿ” ಎಂಬ ಮಾತೂ ಬೇಡ, ಅದರಲ್ಲಿರುವ “ಆಗಿದ್ದರೆ” ಎಲ್ಲವನ್ನೂ ಕೆಡಿಸುತ್ತದೆ. ಮಕ್ಕಳ ವಿಷಯದಲ್ಲಿಯೂ ಹೀಗೆಯೇ: ಅಪ್ಪ ಅಮ್ಮ ತಪ್ಪೊಪ್ಪಿಕೊಂಡರೆ ಮಕ್ಕಳು ತಲೆಯ ಮೇಲೆ ಕೂರುತ್ತಾರೆ ಎಂಬ ಭಯಕ್ಕೆ ಆಧಾರವನ್ನು ನನ್ನ ಮನೆಯಲ್ಲಿ ನಾನು ಕಾಣಲಿಲ್ಲ. ಎದುರಿನವರು ಕ್ಷಮಿಸಲೇಬೇಕೆಂದೇನೂ ಇಲ್ಲ. ಆ ಅಕ್ಕ ಕೆಲಸಕ್ಕೆ ಬಂದರು, ಆದರೆ ಮೊದಲಿನಂತೆ ಮಾತಾಡಲು ಮುಂದಿನ ಹೂಮಳೆಯವರೆಗೆ ಸಮಯ ತೆಗೆದುಕೊಂಡರು.

ಮಳೆಯ ಸದ್ದು

ಸಿಟ್ಟಿನಷ್ಟು ಸದ್ದು ಮಾಡದ ಭಾವಗಳೂ ಇವೆ. 2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆ ಗುಡ್ಡಗಳು ಜಾರಿದ್ದನ್ನು, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಆದದ್ದನ್ನು ಕಂಡವರಿಗೆ, ಕೇಳಿದವರಿಗೆ ರಾತ್ರಿಯ ಮಳೆ ಈಗ ಮೊದಲಿನ ಮಳೆಯಲ್ಲ. ಹಂಚಿನ ಮೇಲೆ ಸದ್ದು ಜೋರಾದೊಡನೆ ಎದ್ದು ಕೂರುವವರು ನಮ್ಮಲ್ಲಿ ಹಲವರಿದ್ದಾರೆ. ಇದಕ್ಕೆ ಹೆದರುಪುಕ್ಕಲುತನ ಎಂದು ಹೆಸರಿಡಬಾರದು. ಮಿದುಳು ಒಮ್ಮೆ ಆದ ಅಪಾಯದ ಗುರುತನ್ನು ನೆನಪಿಟ್ಟುಕೊಂಡು ಮತ್ತೆ ಎಚ್ಚರಿಸುತ್ತಿದೆ.

ಇಂತಹ ಭಯವನ್ನು ಎರಡು ಪಾಲು ಮಾಡಬೇಕು. ಕೈಯಿಂದ ಮಾಡಬಹುದಾದ ಪಾಲನ್ನು ಹಗಲಿನಲ್ಲಿ ಮಾಡಿ ಮುಗಿಸಬೇಕು: ದಾಖಲೆಗಳು, ಔಷಧಿ, ಟಾರ್ಚು, ಚಾರ್ಜು ತುಂಬಿದ ಪವರ್ ಬ್ಯಾಂಕ್ ಒಂದೇ ಚೀಲದಲ್ಲಿ ಬಾಗಿಲ ಬಳಿ ಇರಲಿ, ಯಾವ ಎಚ್ಚರಿಕೆ ಬಂದರೆ ಯಾರ ಮನೆಗೆ ಹೋಗುವುದೆಂದು ಮೊದಲೇ ಮಾತಾಗಿರಲಿ, ಬರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ದಿಬ್ಬದಲ್ಲಿ, ಬಿರುಕು ಕಂಡರೆ ಬೆಳಗಾಗಲಿ ಎಂದು ಕಾಯುವುದು ಬೇಡ. ಉಳಿದ ಪಾಲು, ಅಂದರೆ ಎಲ್ಲಾ ಸರಿಯಿದ್ದೂ ರಾತ್ರಿ ಎರಡು ಗಂಟೆಗೆ ಎದೆ ಹೊಡೆದುಕೊಳ್ಳುವುದು, ಯೋಚನೆಯಿಂದ ಬಗೆಹರಿಯುವುದಿಲ್ಲ. ಆಗ ಕಾಲನ್ನು ನೆಲಕ್ಕೆ ಊರಿ, ಕಣ್ಣಿಗೆ ಕಾಣುವ ಐದು ವಸ್ತು, ಕಿವಿಗೆ ಕೇಳುವ ಮೂರ್ನಾಲ್ಕು ಸದ್ದು, ಕೈಗೆ ತಾಗುವ ಕಂಬಳಿಯ ಒರಟು ಇವುಗಳನ್ನು ಒಂದೊಂದಾಗಿ ಹೆಸರಿಸುತ್ತಾ ಹೋದರೆ ಮನಸ್ಸು ಆ ಆಗಸ್ಟಿನಿಂದ ಈ ಕೋಣೆಗೆ ಮರಳುತ್ತದೆ. ರಾತ್ರಿಯಿಡೀ ಮೊಬೈಲಿನಲ್ಲಿ ಹಳೆಯ ಕುಸಿತದ ವಿಡಿಯೋ ನೋಡುವವರು ಮರುದಿನ ಯಾರ ಮೇಲೆ ರೇಗುತ್ತಾರೆ ಎಂಬುದನ್ನು ಅವರ ಮನೆಯವರು ಹೇಳಬಲ್ಲರು.

ದುಃಖಕ್ಕೆ ಇಂತಹ ಉಪಾಯಗಳಿಲ್ಲ. ಹೋದವರ ಹೆಸರು ಹಿಡಿದು ಮಾತಾಡಲು ಜನ ಬೇಕು, ಅಷ್ಟೇ.

ಮನೆಮದ್ದು ಸಾಲದಾದಾಗ

ಮೇಲೆ ಹೇಳಿದ್ದೆಲ್ಲಾ ಸಾಧಾರಣ ಮಟ್ಟದ ಸಿಟ್ಟಿಗೆ, ಬೇಗುದಿಗೆ. ಕೈ ಎತ್ತುವ ಹಂತಕ್ಕೆ ಬಂದಿದ್ದರೆ, ನೀವು ಮನೆಗೆ ಬಂದೊಡನೆ ಮಕ್ಕಳು ಮಾತು ನಿಲ್ಲಿಸುತ್ತಿದ್ದರೆ, ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಹಸಿವು, ಆಸಕ್ತಿ ಕುಂದಿದ್ದರೆ, ಕುಡಿಯದೆ ಸಂಜೆ ಕಳೆಯಲಾಗದಿದ್ದರೆ, ಬದುಕುವುದೇ ಬೇಡ ಎನಿಸುತ್ತಿದ್ದರೆ ವೈದ್ಯರ ಬಳಿ ಹೋಗಬೇಕು. ಥೈರಾಯ್ಡ್ ತೊಂದರೆ, ದೀರ್ಘಕಾಲದ ನೋವು, ನಿದ್ದೆಯ ಕಾಯಿಲೆಗಳು ಸಹ ಮನುಷ್ಯನನ್ನು ರೇಗುವಂತೆ ಮಾಡುತ್ತವೆ. ಗಂಡಸರಲ್ಲಿ ಖಿನ್ನತೆ ಅಳುವಿಗಿಂತ ಸಿಟ್ಟಾಗಿ ಕಾಣಿಸಿಕೊಳ್ಳುವುದುಂಟು. ಇನ್ನೊಬ್ಬರ ಸಿಟ್ಟಿಗೆ ಏಟು ತಿನ್ನುತ್ತಿರುವವರು ತಮ್ಮ ಭಾವವನ್ನು ನಿಭಾಯಿಸುವುದು ಹೇಗೆಂದು ಹುಡುಕಬೇಕಾಗಿಲ್ಲ. ಮಹಿಳೆಯರಿಗೆ 181, ತುರ್ತು ರಕ್ಷಣೆಗೆ 112, ಮಕ್ಕಳಿಗೆ 1098 ಇದೆ.

ನಮ್ಮ ಜಿಲ್ಲೆಯಲ್ಲಿ ಮಾತ್ರ ಹೇಳಬೇಕಾದ ಒಂದು ಮಾತಿದೆ. ಕೋವಿ ಇಲ್ಲಿ ಬಹಳ ಮನೆಗಳಲ್ಲಿದೆ, ಹಬ್ಬಕ್ಕೆ ಅದಕ್ಕೆ ಪೂಜೆಯಾಗುತ್ತದೆ. ಮನೆಯಲ್ಲಿ ಯಾರಾದರೂ ತೀರಾ ನೊಂದಿರುವಾಗ, ಕುಡಿತ ಹೆಚ್ಚಿರುವಾಗ, ಜಮೀನಿನ ಜಗಳ ಬಿಸಿಯಾಗಿರುವಾಗ ತೋಟಾಗಳನ್ನು ಬೇರೆ ಕಡೆ ಬೀಗದೊಳಗೆ ಇಡಬೇಕು, ಕೋವಿಯನ್ನು ಮನೆಯಿಂದ ಹೊರಗೆ ಸುರಕ್ಷಿತವಾಗಿ, ಕಾನೂನಿನ ಪ್ರಕಾರ ಇರಿಸುವ ದಾರಿಯನ್ನು ಪೊಲೀಸ್ ಠಾಣೆಯಲ್ಲಿ ಕೇಳಬೇಕು. ಇದರಲ್ಲಿ ಮನೆತನಕ್ಕೆ ಅವಮಾನವೇನೂ ಇಲ್ಲ. ಆ ಕೆಲವು ನಿಮಿಷಗಳಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಬಹಳ ನಿಂತಿದೆ.

ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕೇಳಬಹುದು. ಅಷ್ಟು ದೂರ ಹೋಗಲಾಗದವರು, ಯಾರಿಗೂ ಕಾಣಿಸಿಕೊಳ್ಳಲು ಇಷ್ಟವಿಲ್ಲದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಈ ಸೇವೆ ಹಗಲೂ ರಾತ್ರಿಯೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಬೇಕಾದರೆ ಮುಂದೆ ಮನೋವೈದ್ಯರಿಗೆ ಸಂಪರ್ಕ ಕಲ್ಪಿಸುತ್ತಾರೆ. ವೈದ್ಯರ ಎದುರು ಕುಳಿತಾಗ ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಬಹಳ ಜನ “ಏನಿಲ್ಲ, ಸ್ವಲ್ಪ ಟೆನ್ಷನ್” ಎಂದು ಹೇಳಿ ಎದ್ದು ಬರುತ್ತಾರೆ. ಕೂಲಿ ಲೆಕ್ಕದ ಪುಸ್ತಕವನ್ನು ಜೊತೆಗೆ ಒಯ್ಯಿರಿ, ಹಿಂಬದಿಯ ಹಾಳೆಗಳನ್ನು ತೆರೆದು ಅವರ ಮುಂದೆ ಇಡಿ.